ಬೆಳಕು ಕೇಳುತ್ತಿದ್ದ ಕೈ

ನಾನು ಕೈ ಎತ್ತಿದರೆ ಬೆಳಕು ಬರುತ್ತದೆ. ಹೀಗೆಂದರೆ ಜನ ನಗುತ್ತಾರೆ, ಇವಳಿಗೆ ಯಾವ ದೇವರು ಮೈಮೇಲೆ ಬಂತು ಎನ್ನುತ್ತಾರೆ. ದೇವರೂ ಇಲ್ಲ, ದಿಂಡರೂ ಇಲ್ಲ, ಬರೀ ಮೋಟಾರು. ಸಕಲೇಶಪುರದಿಂದ ಹೆತ್ತೂರಿನ ಕಡೆ ಹೋಗುವಾಗ ಸಿಗುವ ಒಂದು ದಿಣ್ಣೆಯ ಮೇಲೆ ನಾನು ಕೆಲಸ ಮಾಡುವ ಕಾಫಿ ಕಂಪನಿಯ ಸ್ಯಾಂಪಲ್ ರೂಮ್ ಇದೆ. ರೂಮ್ ಎಂದು ಹೆಸರೇ ಹೊರತು ಮದುವೆ ಛತ್ರದ ಹಾಲಿನಷ್ಟು ದೊಡ್ಡದು. ಚಾವಣಿ ಪೂರ್ತಿ ಗಾಜು. ಗಾಜಿನ ಕೆಳಗೆ ಅಲ್ಯೂಮಿನಿಯಂ ಪಟ್ಟಿಗಳ ಪರದೆ. ತೊಲೆಗಳ ಮೇಲೆ ನಾಲ್ಕು ಕಡೆ ಬೆಂಕಿಪೊಟ್ಟಣದಷ್ಟಿರುವ ಕಪ್ಪು ಡಬ್ಬಿಗಳಿವೆ, ಅವು ನಮ್ಮ ಕೈಯನ್ನೇ ನೋಡುತ್ತಿರುತ್ತವೆ. ಅಂಗೈ ಮೇಲೆ ಮಾಡಿ ಎತ್ತಿದರೆ ಪಟ್ಟಿಗಳು ತೆರೆದುಕೊಳ್ಳುತ್ತವೆ. ಅಂಗೈ ಕೆಳಗೆ ಮಾಡಿ ಆಡಿಸಿದರೆ ಮುಚ್ಚಿಕೊಳ್ಳುತ್ತವೆ. ಮುಷ್ಟಿ ಹಿಡಿದರೆ ಎಲ್ಲಿದ್ದವೋ ಅಲ್ಲೇ ನಿಲ್ಲುತ್ತವೆ.

ಕಾಫಿ ಕಾಳಿನ ಬಣ್ಣ ನೋಡಿ, ಇದು ಒಳ್ಳೆಯದು, ಇದು ಸಾಧಾರಣ ಎಂದು ಚೀಟಿ ಬರೆಯುವುದು ಅಲ್ಲಿ ನನ್ನ ಕೆಲಸ. ತೊಳೆದು ಸರಿಯಾಗಿ ಒಣಗಿಸಿದ ಅರೇಬಿಕಾ ಕಾಳಿನಲ್ಲಿ ಹಸಿರಿನೊಳಗೆ ಒಂದು ತೆಳು ನೀಲಿ ಇರುತ್ತದೆ. ಒಣಗಿಸುವಾಗ ಕೆಟ್ಟರೆ, ಇಲ್ಲವೇ ಹಳತಾದರೆ, ಆ ನೀಲಿ ಹೋಗಿ ಹಳದಿ ತಿರುಗುತ್ತದೆ. ಅದನ್ನು ನಾವು ಮಂಕು ಕಾಳು ಎನ್ನುತ್ತೇವೆ. ಈ ವ್ಯತ್ಯಾಸ ಟ್ಯೂಬ್‌ಲೈಟಿನಲ್ಲಿ ಗೊತ್ತಾಗುವುದಿಲ್ಲ. ನೇರ ಬಿಸಿಲೂ ಮೋಸ ಮಾಡುತ್ತದೆ. ಆಕಾಶದಿಂದ ಸೋಸಿ ಬಂದ ತಂಪು ಬೆಳಕೇ ಬೇಕು. ನಮ್ಮ ಕಡೆಯ ಆಕಾಶವೋ, ಈ ಗಳಿಗೆಯಲ್ಲಿ ಇದ್ದ ಹಾಗೆ ಮುಂದಿನ ಗಳಿಗೆಯಲ್ಲಿ ಇರುವುದಿಲ್ಲ. ಅದಕ್ಕೇ ನಮ್ಮ ಯಜಮಾನರು ಈ ಕಟ್ಟಡ ಕಟ್ಟಿಸಿದರು. ಎರಡೂ ಕೈ ಧೂಳಾಗಿರುವಾಗ ಸ್ವಿಚ್ ಹುಡುಕುವುದು ಬೇಡ ಎಂದು ಸನ್ನೆಯ ಏರ್ಪಾಡು ಮಾಡಿಸಿದರು.

ಅದಕ್ಕೆ ಮೊದಲು ಹಳೆಯ ಸ್ಟೋರಿನಲ್ಲಿ ನಾವು ನಲವತ್ತು ಜನ ಹೆಂಗಸರು ನೆಲದ ಮೇಲೆ ಕೂತು ಕಾಳು ಆರಿಸುತ್ತಿದ್ದೆವು. ಬೆಳಿಗ್ಗೆ ಮೂಡಣ ಕಿಟಕಿಗಳ ಸಾಲು. ಹೊತ್ತೇರಿದ ಮೇಲೆ ಗೋಣಿತಾಟು, ಮೊರ, ಊಟದ ಬುತ್ತಿ ಎಲ್ಲ ಎತ್ತಿಕೊಂಡು ನಡುವಿನ ಗಾಜಿನ ಹೆಂಚಿನ ಕೆಳಗೆ. ಮೂರು ಗಂಟೆಗೆ ಮತ್ತೆ ಎದ್ದು ಪಡುವಣ ಕಿಟಕಿಗೆ. ದಿನಕ್ಕೆ ಮೂರು ಸಲ ಗುಳೆ ಹೋಗುವುದು ಎಂದು ನಗುತ್ತಿದ್ದೆವು. ಯಾರ ಪಕ್ಕ ಯಾರು ಕೂರಬೇಕು ಎಂಬುದಕ್ಕೆ ಜಗಳ, ರಾಜಿ, ಮತ್ತೆ ಜಗಳ. ಮೋಡ ಅಡ್ಡ ಬಂದರೆ ಕೈ ನಿಲ್ಲಿಸಿ ಮಾತಿಗೆ ಬೀಳುತ್ತಿದ್ದೆವು. ಲೆಕ್ಕ ಬರೆಯುವ ರೈಟರ್ ಬಂದು ಗದರಿದರೆ, ಬೆಳಕು ಬರ್ಲಿ ತಡೀರಿ ಎಂದು ಅವರನ್ನೇ ಗದರುತ್ತಿದ್ದೆವು.

ಇಪ್ಪತ್ತಾರು ವರ್ಷ ನನ್ನ ಬಲಪಕ್ಕಕ್ಕೆ ಒಬ್ಬಳೇ ಕೂತದ್ದು. ಹೆಗ್ಗದ್ದೆಯವಳು, ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳನ್ನು ಅಕ್ಕ ಎನ್ನುತ್ತಿದ್ದೆ. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಕಪ್ಪು ಕಾಳನ್ನು ಬಿಟ್ಟು ಬರೀ ಒಡಕು ಕಾಳನ್ನು ಆರಿಸಿಹಾಕುತ್ತಿದ್ದೆ. ಅವಳು ನನ್ನ ಮೊರವನ್ನು ತನ್ನ ಕಡೆ ಎಳೆದುಕೊಂಡು, 'ಏಯ್, ಕಾಳನ್ನ ನೋಡ್ಬೇಡ, ಕಾಳಿನ ಮೇಲಿರೋ ಬೆಳಕು ನೋಡು' ಎಂದಳು. ನನ್ನ ಕಣ್ಣನ್ನು ಪಳಗಿಸಿದವಳು ಅವಳೇ. ನನ್ನ ಗಂಡ ತೀರಿಕೊಂಡಾಗ ಹನ್ನೊಂದು ದಿನ ನಮ್ಮ ಮನೆಯಲ್ಲೇ ಉಳಿದು, ಹನ್ನೆರಡನೆಯ ದಿನ ಬೈದು ಕೆಲಸಕ್ಕೆ ಎಳೆದುಕೊಂಡು ಬಂದವಳೂ ಅವಳೇ.

ಆಮೇಲೆ ಬಣ್ಣ ಆರಿಸುವ ಮಿಷನ್ ಬಂತು. ನಲವತ್ತು ಜನರ ಒಂದು ದಿನದ ಕೆಲಸ ಅದಕ್ಕೆ ಕಾಫಿ ಕುಡಿಯುವಷ್ಟು ಹೊತ್ತು. ಹೆಂಗಸರು ಒಬ್ಬೊಬ್ಬರಾಗಿ ಹೋದರು. ಸಣ್ಣ ಬೆಳೆಗಾರರು ತರುವ ಸ್ಯಾಂಪಲ್ ನೋಡುವುದಕ್ಕೆ ಮಾತ್ರ ಮನುಷ್ಯರ ಕಣ್ಣೇ ಬೇಕು ಎಂದು ಯಜಮಾನರು ನನ್ನೊಬ್ಬಳನ್ನು ಉಳಿಸಿಕೊಂಡರು. ಅಕ್ಕನನ್ನು ಉಳಿಸಿಕೊಂಡಿದ್ದರೆ ಹೆಚ್ಚು ಸರಿಯಾಗುತ್ತಿತ್ತು. ಅದು ನನಗೆ ಗೊತ್ತು. ಯಜಮಾನರಿಗೆ ನಾನು ಹೇಳಲಿಲ್ಲ, ಅದೂ ನನಗೆ ಗೊತ್ತು.

ಹೊಸ ಕಟ್ಟಡ ಶುರುವಾದ ವಾರ ಒಂದು ತಮಾಷೆ ನಡೆಯಿತು. ಆಚೆ ತುದಿಯ ಬಾಗಿಲಲ್ಲಿ ಕಾಫಿ ತಂದುಕೊಡುವ ಹೆಂಗಸು ನಿಂತಿದ್ದಳು. ಬಾ ಎಂದು ಕೈಯಲ್ಲಿ ಕರೆದೆ. ನಮ್ಮ ಕಡೆ ಕರೆಯುವುದು ಹೇಗೆ ಎಂದು ಹೇಳಬೇಕಾಗಿಲ್ಲ, ಅಂಗೈ ಕೆಳಗೆ ಮಾಡಿ ಬೆರಳು ಮಡಚಿ ಮಡಚಿ ಕರೆಯುತ್ತೇವೆ. ಚಾವಣಿಯ ಪಟ್ಟಿಗಳೆಲ್ಲ ಟಪಟಪ ಮುಚ್ಚಿಕೊಂಡು ಹಾಲ್ ಕತ್ತಲಾಯಿತು. ಅವಳು ಲೋಟ ಕೈಬಿಟ್ಟು, 'ಅಯ್ಯೋ, ಏನ್ಮಾಡ್ಬುಟ್ಟೆ' ಎಂದು ಅಲ್ಲೇ ಕೂತುಬಿಟ್ಟಳು. ಆವತ್ತು ಮೂರು ಸಲ ಹೀಗಾಯಿತು. ಏರ್ಪಾಡು ಮಾಡಿದ ಬೆಂಗಳೂರಿನ ಇಂಜಿನಿಯರ್ ಬಂದು, 'ಮೇಡಂ, ಯಾರನ್ನಾದರೂ ಕರೆಯೋದಿದ್ದರೆ ಬಾಯಲ್ಲೇ ಕರೀರಿ' ಎಂದರು. 'ಇಷ್ಟುದ್ದ ಹಾಲಲ್ಲಿ ಕಿರುಚಿಕೊಳ್ಳಲಾ' ಎಂದು ರೇಗಿದೆ. ಆಮೇಲೆ ಆ ತೊಂದರೆ ತಾನಾಗಿಯೇ ತಪ್ಪಿತು. ಕಾಫಿಗೆ ಗೋಡೆಯಲ್ಲೇ ಮಿಷನ್ ಬಂತು, ಸ್ಯಾಂಪಲ್‌ಗಳು ಕಿಟಕಿಯಿಂದ ನಂಬರ್ ಚೀಟಿಯ ಜೊತೆ ಬರತೊಡಗಿದವು. ಕೈ ಮಾಡಿ ಕರೆಯುವುದಕ್ಕೆ ಅಲ್ಲಿ ಯಾರೂ ಉಳಿಯಲಿಲ್ಲ.

ಒಂಟಿತನ ಎಂದರೆ ಮನೆಯಲ್ಲಿ ಒಬ್ಬಳೇ ಇರುವುದು ಎಂದುಕೊಂಡಿದ್ದೆ. ಅದು ನನಗೆ ಅಭ್ಯಾಸವಾಗಿತ್ತು. ಆದರೆ ನಲವತ್ತು ಜನ ಮಾಡುತ್ತಿದ್ದ ಕೆಲಸವನ್ನು ನಲವತ್ತು ಜನ ಹಿಡಿಸುವ ಜಾಗದಲ್ಲಿ ಒಬ್ಬಳೇ ಕೂತು ಮಾಡುವುದಿದೆಯಲ್ಲ, ಅದು ಬೇರೆ. ಬೆಳಕಿಗಾಗಿ ಈಗ ಏಳಬೇಕಾಗಿಲ್ಲ. ಕೈ ಎತ್ತಿದರೆ ಅದು ಮೊರದ ಮೇಲೇ ಬಂದು ಬೀಳುತ್ತದೆ. ಒಂದು ದಿನ ಸಂಜೆ ಬಸ್ಸಿನಲ್ಲಿ ಕಂಡಕ್ಟರಿಗೆ ನನ್ನ ಸ್ಟಾಪು ಹೇಳಲು ಹೋದರೆ ಗಂಟಲು ಕಟ್ಟಿಕೊಂಡಿತ್ತು. ಬೆಳಗಿನಿಂದ ಬಾಯೇ ತೆರೆದಿಲ್ಲ ಎಂದು ಆಗ ಹೊಳೆಯಿತು. ಮಾರನೆಯ ದಿನದಿಂದ ಆ ಕಪ್ಪು ಡಬ್ಬಿಗಳ ಜೊತೆ ಮಾತಾಡಲು ಶುರುಮಾಡಿದೆ. ಏಳ್ರಪ್ಪಾ ಎನ್ನುತ್ತ ಕೈ ಎತ್ತುವುದು, ಸಾಕು ಮಲಗ್ರಪ್ಪಾ ಎನ್ನುತ್ತ ಇಳಿಸುವುದು. ನಾಚಿಕೆಯಾಗುತ್ತಿತ್ತು, ಆದರೂ ಬಿಡಲಿಲ್ಲ.

ಸಂತೆಯ ದಿನ ಮಾತ್ರ ಅಕ್ಕ ಬರುತ್ತಿದ್ದಳು. ಸಾಮಾನು ಕೊಂಡು ವಾಪಸು ಹೋಗುವಾಗ ನಡುವೆ ಇಳಿದು, ಹಾಲಿನ ಹೊರಗಿನ ಕಟ್ಟೆಯ ಮೇಲೆ ನನ್ನ ಜೊತೆ ಕೂತು, ತಂದ ಅಕ್ಕಿರೊಟ್ಟಿಯಲ್ಲಿ ಅರ್ಧ ನನಗೆ ಕೊಟ್ಟು ಮುಂದಿನ ಬಸ್ ಹಿಡಿಯುತ್ತಿದ್ದಳು. ಅವಳಿಗೆ ಹೆಗ್ಗದ್ದೆಯಲ್ಲಿ ಎರಡು ಎಕರೆ ತೋಟ. ಅಲ್ಲಿಯವರೆಗೆ ಹಣ್ಣನ್ನು ಹಾಗೇ ಒಣಗಿಸಿ ಕೊಡುತ್ತಿದ್ದವಳು ಹೋದ ವರ್ಷ ಮೊದಲ ಸಲ ತಾನೇ ತೊಳೆದು, ಕಾಳು ಹರಡಲು ಮಂಚ ಕಟ್ಟಿ, ಮಧ್ಯಾಹ್ನದ ಬಿಸಿಲಿಗೆ ಬಟ್ಟೆ ಹೊದಿಸಿ, ಮಗುವಿನ ಹಾಗೆ ನೋಡಿಕೊಂಡು ಒಣಗಿಸಿದಳು. ಪ್ರತಿ ವಾರ ಅದರದೇ ಸುದ್ದಿ. ಅದು ಒಳ್ಳೆಯದು ಎಂದು ಬರೆಸಿಕೊಂಡರೆ ಅವಳ ಕಾಫಿ ಬೇರೆಯವರದರ ಜೊತೆ ಬೆರೆಯದೆ, ಹೆಗ್ಗದ್ದೆಯದು ಎಂಬ ಚೀಟಿ ಅಂಟಿಸಿಕೊಂಡು ಹೊರದೇಶಕ್ಕೆ ಹೋಗುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಆ ಚೀಟಿ.

ಫೆಬ್ರವರಿಯ ಒಂದು ಸಂತೆಯ ದಿನ ಅವಳು ಬಟ್ಟೆ ಚೀಲದಲ್ಲಿ ಸ್ಯಾಂಪಲ್ ತಂದಳು. ಕಿಟಕಿಯಲ್ಲಿ ಕೊಡದೆ ಒಳಗೇ ಬಂದು ನನ್ನೆದುರು ಕೂತಳು. ಸಿಪ್ಪೆ ತೆಗೆಸಿ ಕಾಳನ್ನು ಮೊರದಲ್ಲಿ ಹರಡಿದೆ. ಕೈ ಎತ್ತಿದೆ. ಸಾಲಲಿಲ್ಲ, ಇನ್ನೂ ಎತ್ತಿದೆ. ಪಟ್ಟಿಗಳೆಲ್ಲ ಪೂರ್ತಿ ತೆರೆದವು.

'ಬೆಳಕು ಜಾಸ್ತಿಯಾತು ಕಣೆ, ಕಣ್ಣು ಕುಕ್ತೈತೆ' ಎಂದಳು ಅಕ್ಕ, ಸೆರಗನ್ನು ಹಣೆಗೆ ಅಡ್ಡ ಹಿಡಿದು.

'ಇಷ್ಟೂ ಇಲ್ಲದಿದ್ರೆ ಏನು ಕಾಣ್ತೈತೆ ಸುಮ್ನಿರು' ಎಂದೆ.

ಕಾಳಿನಲ್ಲಿ ಎರಡು ಸಲ ಬೆರಳಾಡಿಸಿ ನೋಡಿದೆ. ನೀಲಿ ಇರಲಿಲ್ಲ. ಕಾಳಿಗೆಲ್ಲ ಹಳೆಯ ಕಾಗದದ ಬಣ್ಣ. ಮಾತು ಎಂದಿನ ಹಾಗೆ ಗಟ್ಟಿಯಾಗಿಯೇ ಬಂತು. 'ಅಕ್ಕ, ಇದು ಮಂಕು. ಒಣಗಿಸಿದ್ದು ಹೆಚ್ಚುಕಮ್ಮಿ ಆಗೈತೆ.'

ಅವಳು ಬಗ್ಗಿ ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹರಡಿಕೊಂಡು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು, ಕಾಳಿಗಿಂತ ಹೆಚ್ಚು ಹೊತ್ತು. 'ಹಂಗಾ?' ಎಂದಳು.

'ಹಂಗೇ.'

'ನೀನು ಹೇಳಿದ್ಮೇಲೆ ಮುಗೀತು ಬಿಡು' ಎಂದು ಕೈಯಲ್ಲಿದ್ದ ಕಾಳನ್ನು ಮೊರಕ್ಕೆ ಸುರಿದು ಎದ್ದಳು. ರೊಟ್ಟಿಯ ಗಂಟನ್ನು ಪೂರ್ತಿ ನನ್ನ ಮುಂದೆ ಇಟ್ಟು ಹೋದಳು. ಅವಳ ಕಾಫಿ ಸಾಧಾರಣದ ರಾಶಿಗೆ ಸೇರಿತು.

ಮುಂದಿನ ಸಂತೆಗೆ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಸಿಟ್ಟಾಗಿದ್ದಾಳೆ ಎಂದುಕೊಂಡೆ. ನಾನೂ ಫೋನ್ ಮಾಡಲಿಲ್ಲ. ಮಂಕಿದ್ದರೆ ಮಂಕು ಎನ್ನಬೇಕು, ಮುಖ ನೋಡಿ ಮಣೆ ಹಾಕಲು ನಾನೇನು ಬೀಗರ ಮನೆಯಲ್ಲಿದ್ದೇನಾ ಎಂದು ನನ್ನಷ್ಟಕ್ಕೇ ಬೀಗಿದೆ. ಸಂತೆಯ ದಿನ ಹನ್ನೆರಡೂವರೆಯ ಬಸ್ ಸದ್ದಾದರೆ ಮಾತ್ರ ಕೈ ತಾನಾಗಿ ನಿಲ್ಲುತ್ತಿತ್ತು. ಬಸ್ ನಿಲ್ಲದೆ ಮುಂದಕ್ಕೆ ಹೋಗುತ್ತಿತ್ತು. ಕಟ್ಟೆಯ ಮೇಲೆ ಒಬ್ಬಳೇ ಕೂತು ತಿನ್ನಲು ಮನಸ್ಸಾಗದೆ ಹಾಲಿನೊಳಗೇ, ಮೊರದ ಪಕ್ಕದಲ್ಲೇ ಬುತ್ತಿ ಬಿಚ್ಚತೊಡಗಿದೆ.

ಮಾರ್ಚ್ ಕೊನೆಯಲ್ಲಿ ಚಾವಣಿಯ ಒಂದು ಮೋಟಾರು ಕೆಟ್ಟಿತು. ಇಂಜಿನಿಯರ್ ಬಂದರು. ನಲವತ್ತರ ಆಸುಪಾಸಿನ ಮೆತ್ತಗಿನ ಮನುಷ್ಯ. ಏಣಿ ಹತ್ತಿ ಇಳಿದು, ತಮ್ಮ ಟ್ಯಾಬ್ ತೆಗೆದು ಬಹಳ ಹೊತ್ತು ನೋಡಿದರು. 'ಮೇಡಂ, ಇಲ್ಲಿ ನಿಮ್ಮನ್ನು ಬಿಟ್ಟು ಬೇರೆ ಯಾರಾದರೂ ಕೂರ್ತಾರಾ?' ಎಂದು ಕೇಳಿದರು.

'ಯಾರು ಕೂರ್ತಾರೆ ಈ ಬಯಲಲ್ಲಿ?'

ಅವರು ಟ್ಯಾಬನ್ನು ನನ್ನ ಕಡೆ ತಿರುಗಿಸಿದರು. ಎಡದಿಂದ ಬಲಕ್ಕೆ ಏರುತ್ತ ಹೋಗುವ ಒಂದು ಗೆರೆ. ನಾನು ಎಷ್ಟು ಸಲ ಕೈ ಎತ್ತಿದೆ, ಎಷ್ಟು ಬೆಳಕು ಕೇಳಿದೆ, ಎಲ್ಲವನ್ನೂ ಕಟ್ಟಡ ನೆನಪಿಟ್ಟುಕೊಂಡಿತ್ತಂತೆ. ಶುರುವಿನಲ್ಲಿ ಕಾಲುಭಾಗ ತೆರೆದರೆ ಸಾಕಾಗುತ್ತಿತ್ತು. ಆಮೇಲೆ ಅರ್ಧ. ಈಗ ಬೆಳಗಿನಿಂದ ಸಂಜೆಯವರೆಗೆ ಪೂರ್ತಿ. 'ಬಿಸಿಲಿನ ದಿನಾನೂ ನೀವು ಪೂರ್ತಿ ತೆರೀತೀರಿ. ಬಿಸಿಲು ಹೆಚ್ಚಾಯ್ತು ಅಂತ ಅದು ತಾನಾಗೇ ಮುಚ್ಚೋಕೆ ಹೋದರೂ ನೀವು ಮತ್ತೆ ತೆರೀತೀರಿ. ಅದಕ್ಕೇ ಮೋಟಾರು ಸೋತಿದೆ' ಎಂದರು. ಆಮೇಲೆ ದನಿ ತಗ್ಗಿಸಿ, 'ಮೇಡಂ, ತಪ್ಪು ತಿಳೀಬೇಡಿ. ಕಣ್ಣು ತೋರಿಸಿದ್ದೀರಾ?' ಎಂದು ಕೇಳಿದರು.

ನನಗೆ ಸಿಟ್ಟು ನೆತ್ತಿಗೇರಿತು. 'ನಿಮ್ಮ ಮಿಷನ್ ಕೆಟ್ಟರೆ ನನ್ನ ಕಣ್ಣು ಕೆಟ್ಟಿದೆ ಎನ್ನುತ್ತೀರಾ? ಮೂವತ್ತು ವರ್ಷದಿಂದ ಇದೇ ಕಣ್ಣಲ್ಲಿ ಅನ್ನ ತಿಂದಿದೀನಿ' ಎಂದು ಬಾಯಿಗೆ ಬಂದಹಾಗೆ ಆಡಿದೆ. ಅವರು ಅಂಗೈ ಇಳಿಸಿ, ಮುಷ್ಟಿ ಹಿಡಿದು, ಪಟ್ಟಿಗಳನ್ನು ಶುರುವಿನ ವರ್ಷ ಎಷ್ಟಿದ್ದವೋ ಅಷ್ಟಕ್ಕೆ ತಂದು ನಿಲ್ಲಿಸಿದರು. 'ಈಗ ನೋಡಿ' ಎಂದರು.

ಮೊರ ನೋಡಿದೆ. ಕಾಳೆಲ್ಲ ಒಂದೇ ರಾಶಿ. ಕಪ್ಪು ಕಾಳು ಯಾವುದು, ಒಳ್ಳೆಯದು ಯಾವುದು, ತಿಳಿಯಲಿಲ್ಲ. ಬೆರಳಲ್ಲಿ ತಡವಿದೆ. ಇಂಜಿನಿಯರ್ ಒಂದು ಕಾಳನ್ನು ಎತ್ತಿ ಪಕ್ಕಕ್ಕಿಟ್ಟು, 'ಇದು ಕಪ್ಪಲ್ವಾ ಮೇಡಂ?' ಎಂದರು. ಕಾಫಿ ಎಂದರೆ ಲೋಟದಲ್ಲಿ ಬರುವುದು ಎಂದಷ್ಟೇ ಗೊತ್ತಿದ್ದ ಮನುಷ್ಯ ಅವರು. ನಾನು ಅಲ್ಲೇ ತಲೆ ತಗ್ಗಿಸಿ ಕೂತೆ. ಅವರು ತಮ್ಮ ಏಣಿ ಮಡಚಿಕೊಂಡು ಹೋದರು.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಾಸನದಲ್ಲಿ ಮೊದಲು ಬಲಗಣ್ಣಿಗೆ ಆಪರೇಷನ್ ಮಾಡಿದರು. ಎಡಗಣ್ಣಿಗೆ ಆಮೇಲೆ ಎಂದರು. ಜೊತೆಗೆ ಯಾರು ಬಂದಿದ್ದಾರೆ ಎಂದು ನರ್ಸ್ ಕೇಳಿದಾಗ, ಹೊರಗೆ ಕೂತಿದ್ದಾರೆ ಎಂದು ಸುಳ್ಳು ಹೇಳಿದೆ.

ಮೇ ತಿಂಗಳಲ್ಲಿ ಕೆಲಸಕ್ಕೆ ವಾಪಸಾದೆ. ಹಾಲಿಗೆ ಕಾಲಿಟ್ಟು ಅಭ್ಯಾಸದಂತೆ ಕೈ ಎತ್ತಿದೆ. ಚಾವಣಿ ಕಾಲುಭಾಗ ತೆರೆಯುವಷ್ಟರಲ್ಲಿ ಕಣ್ಣು ಚುಚ್ಚಿ ಮುಷ್ಟಿ ಹಿಡಿದೆ. ಗೋಡೆ ಬಿಳಿಯಾಗಿತ್ತು. ಕೆನೆ ಬಣ್ಣದ ಗೋಡೆ ಎಂದುಕೊಂಡು ಆ ಕಟ್ಟಡದಲ್ಲಿ ಎಷ್ಟು ದಿನ ಕಳೆದಿದ್ದೆ. ಹಾಗಾದರೆ ಅಕ್ಕನ ಕಾಳು? ನೇರ ಕಪಾಟಿನ ಹತ್ತಿರ ಹೋದೆ. ಬಂದ ಪ್ರತಿ ಸ್ಯಾಂಪಲ್‌ನಿಂದ ಒಂದು ಹಿಡಿಯನ್ನು ಸಣ್ಣ ತಗಡಿನ ಡಬ್ಬಿಯಲ್ಲಿ ಒಂದು ವರ್ಷ ಇಟ್ಟಿರುವುದು ನಮ್ಮಲ್ಲಿ ಪದ್ಧತಿ. ಅಕ್ಕನ ಡಬ್ಬಿ ತೆಗೆದು ಮೊರಕ್ಕೆ ಸುರಿದೆ.

ನೀಲಿ. ಹಸಿರಿನೊಳಗೆ ಅಂಥ ನೀಲಿಯನ್ನು ನಾನು ಹಳೆಯ ಸ್ಟೋರಿನಲ್ಲೂ ನಾಲ್ಕಾರು ಸಲ ಕಂಡಿದ್ದೆನೋ ಏನೋ. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದೆ, ಹಳೆಯ ಕಾಗದ. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದೆ, ನೀಲಿ. ಒಂದು ಕೈಯಲ್ಲಿ ಕಣ್ಣು ಮುಚ್ಚಿಕೊಂಡು ಎಷ್ಟು ಹೊತ್ತು ಹಾಗೆ ಅದಲುಬದಲು ಮಾಡುತ್ತ ನಿಂತಿದ್ದೆನೋ ಗೊತ್ತಿಲ್ಲ. ಮೇಲಿನ ಪಟ್ಟಿಗಳು ನನ್ನ ಕೈ ನೋಡಿ ಏನೇನೋ ತಿಳಿದುಕೊಂಡು ತೆರೆಯುತ್ತ ಮುಚ್ಚುತ್ತ ಇದ್ದವು. ಅತ್ತುಬಿಟ್ಟೆ. ಅದಕ್ಕೆ ನಾಚಿಕೆಪಡುವುದಿಲ್ಲ.

ಆ ಋತುವಿನ ಡಬ್ಬಿಗಳನ್ನೆಲ್ಲ ಎರಡು ದಿನ ಕೂತು ಮತ್ತೆ ನೋಡಿದೆ. ನಾನು ಸಾಧಾರಣ ಎಂದು ಬರೆದಿದ್ದ ಕುಂದೂರಿನ ಕಡೆಯವರ ಎರಡು ಡಬ್ಬಿಗಳ ಕಾಳೂ ನೀಲಿಯಾಗಿಯೇ ಇತ್ತು. ಮೂರರ ನಂಬರನ್ನೂ ಬರೆದು ಯಜಮಾನರ ಮುಂದಿಟ್ಟೆ, ನನ್ನ ತಪ್ಪು ಎಂದೆ. ಕಾಫಿ ಬೆರೆತು ಹಡಗು ಹತ್ತಿ ಆಗಿತ್ತು. ಮುಂದಿನ ವರ್ಷ ಅವರದನ್ನು ಮೊದಲು ನೋಡೋಣ ಎಂದರು ಅವರು. ಕುಂದೂರಿನವರಿಗೆ ಫೋನಿನಲ್ಲಿ ಹೇಳಿದೆ, ಬೈಸಿಕೊಂಡೆ. ಅಕ್ಕನಿಗೆ ಫೋನಿನಲ್ಲಿ ಹೇಳುವುದಕ್ಕಾಗಲಿಲ್ಲ. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಭಾನುವಾರ ಹೆಗ್ಗದ್ದೆಯ ಬಸ್ ಹತ್ತಿದೆ.

ಅವಳು ಮಳೆಗಾಲಕ್ಕೆ ಸೌದೆ ಒಟ್ಟುತ್ತಿದ್ದಳು. ನನ್ನನ್ನು ಕಂಡು ಕೈಯೊರೆಸಿಕೊಂಡು ಬಂದು ನನ್ನ ಬಲಗಣ್ಣನ್ನೇ ನೋಡಿದಳು. 'ಮಾಡಿಸ್ಕೊಂಡ್ಯಾ?' ಎಂದಳು.

ಏನು, ಯಾವಾಗ, ಯಾರು ಹೇಳಿದರು, ಯಾವುದನ್ನೂ ಕೇಳಲಿಲ್ಲ. ನಾನು ಡಬ್ಬಿ ತೆರೆದು ಅವಳ ಅಂಗೈಗೆ ಕಾಳು ಸುರಿದೆ. 'ಅಕ್ಕ, ಇದು ಮಂಕಲ್ಲ. ನನ್ನ ಕಣ್ಣು ಮಂಕಾಗಿತ್ತು.'

'ಗೊತ್ತು' ಎಂದಳು ಅವಳು.

'ಯಾವಾಗಿಂದ?'

'ಅವತ್ತೇ. ನನಗೆ ಕಣ್ಣು ಬಿಡಾಕಾಯ್ತಿರ್ಲಿಲ್ಲ, ನೀನು ಕತ್ತಲೆ ಅಂತಿದ್ದೆ.' ಅಂಗೈಯ ಕಾಳನ್ನು ಬೆರಳಲ್ಲಿ ಬಿಡಿಸುತ್ತ ಹೇಳಿದಳು. 'ಅಲ್ಲೇ ಹೇಳಿದ್ರೆ ಮಾತು ಯಜಮಾನ್ರ ಕಿವಿಗೆ ಬೀಳ್ತಿತ್ತು. ನಿನಗೆ ಇನ್ನೇನೈತೆ ಹೇಳು, ಅದೊಂದು ಕೆಲ್ಸ ಬಿಟ್ರೆ? ನಂದು ಬಿಡು, ಗಿಡ ಐತೆ, ಮುಂದಿನ ವರ್ಷ ಮತ್ತೆ ಹಣ್ಣು ಬಿಡ್ತೈತೆ. ಬಂದು ಎದುರಿಗೆ ಕೂತ್ರೆ ಬಾಯಿ ತಡಿಯಾಕಾಗಲ್ಲ ಅಂತ ಬರೋದು ಬಿಟ್ಟೆ.'

ಕೈ ಮುಗಿಯಬೇಕಿತ್ತು ನಾನು. ಬದಲಿಗೆ ಮೈಯೆಲ್ಲ ಉರಿಯಿತು. 'ನನ್ನ ಕಣ್ಣು ಹೋಗಿದೆ ಅಂತ ಒಂದು ಗಾಜಿನ ಕಟ್ಟಡ ನನಗೆ ಹೇಳ್ಬೇಕಾಯ್ತು ಅಕ್ಕ. ನೀನು ಹೇಳಲಿಲ್ಲ. ಇನ್ನಿಬ್ಬರ ಕಾಫಿ ಹಾಳುಮಾಡಿದೀನಿ. ಮೂರು ತಿಂಗಳು ಆ ಬಸ್ ಸದ್ದಿಗೆ ಕಿವಿ ಕೊಟ್ಕೊಂಡು ಕೂತಿದೀನಿ. ನನಗೆ ಏನೈತೆ ಅಂತೀಯಲ್ಲ, ಕೆಲಸಾನಾ ನನಗಿದ್ದದ್ದು?' ಎಂದೆ. ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ಕೇಳಲು ನಿಲ್ಲದೆ ತಿರುಗಿ ನಡೆದುಬಿಟ್ಟೆ.

ತೋಟದ ಕೆಳಗೆ ತೊರೆಯಿದೆ. ಅದನ್ನು ದಾಟಿ ರಸ್ತೆಗೆ ಹತ್ತಿದ ಮೇಲೆ ತಿರುಗಿ ನೋಡಿದೆ. ಮೇಲೆ ಅಂಗಳದ ಅಂಚಿನಲ್ಲಿ ಅವಳು ನಿಂತಿದ್ದಳು. ಕೂಗಿದರೆ ತೊರೆಯ ಸದ್ದಿಗೆ ಕೇಳಿಸುವಂತಿರಲಿಲ್ಲ. ಅವಳು ಕೈ ಮುಂದೆ ಚಾಚಿ, ಅಂಗೈ ಕೆಳಗೆ ಮಾಡಿ, ಬೆರಳು ಮಡಚಿ ಮಡಚಿ ಆಡಿಸುತ್ತಿದ್ದಳು. ಅಷ್ಟು ದೂರದಿಂದಲೂ ಬಲಗಣ್ಣಿಗೆ ಒಂದೊಂದು ಬೆರಳೂ ಬೇರೆ ಬೇರೆ ಕಂಡಿತು.

ನಾನು ತಲೆಯೆತ್ತಿ ಮೇಲೆ ನೋಡಿದೆ. ಪಟ್ಟಿಗಳು ಮುಚ್ಚಿಕೊಳ್ಳುತ್ತವೆ ಎಂದು ಕಾದೆ. ಆ ಹಾಲಿನಲ್ಲಿ ಕೂತೂ ಕೂತೂ ಆ ಸನ್ನೆಗೆ ನನ್ನ ಮೈಯಲ್ಲಿ ಅದೊಂದೇ ಅರ್ಥ ಉಳಿದಿತ್ತು. ಏನೂ ಮುಚ್ಚಿಕೊಳ್ಳಲಿಲ್ಲ. ಆಕಾಶ ಇದ್ದ ಹಾಗೇ ಇತ್ತು, ತೆಳು ಮೋಡದ ಮಧ್ಯಾಹ್ನ, ಕಾಳು ನೋಡಲು ಹೇಳಿ ಮಾಡಿಸಿದ ಬೆಳಕು.

ನನ್ನನ್ನು ಕರೆಯುತ್ತಿದ್ದಾಳೆ ಎಂದು ತಿಳಿಯಲು ಅಷ್ಟು ಹೊತ್ತು ಬೇಕಾಯಿತು. ಮತ್ತೆ ತೊರೆಗೆ ಇಳಿದೆ.